ಅಕ್ಯೂಟ್, ಕ್ರಾನಿಕ್ ಮತ್ತು ಆ ಪ್ರಶ್ನಾರ್ಥಕ ಚಿಹ್ನೆ

ವೈದ್ಯರ ಚೀಟಿ, ವರದಿಗಳಲ್ಲಿ ಬರುವ ಪದಗಳನ್ನು ವಿವರಿಸುವ ನಿಮ್ಮ ಲೇಖನ ಉಪಯುಕ್ತವಾಗಿದೆ, ಆದರೆ ಅದರಲ್ಲಿನ ‘ಅಕ್ಯೂಟ್ ಅಂದರೆ ಗಂಭೀರ, ಕ್ರಾನಿಕ್ ಅಂದರೆ ವಾಸಿಯಾಗದ್ದು’ ಎಂಬ ಸಾಲನ್ನು ದಯವಿಟ್ಟು ತಿದ್ದಿ. ಎರಡೂ ಮುಖ್ಯವಾಗಿ ಕಾಲವನ್ನು ಸೂಚಿಸುತ್ತವೆ: ಅಕ್ಯೂಟ್ ಅಂದರೆ ದಿಢೀರನೆ ಬಂದು ಅಲ್ಪಕಾಲ ಇರುವುದು, ಕ್ರಾನಿಕ್ ಅಂದರೆ ದೀರ್ಘಕಾಲ ಉಳಿಯುವುದು. ಮಾಮೂಲಿ ನೆಗಡಿಯೂ ಅಕ್ಯೂಟ್ ಕಾಯಿಲೆಯೇ. ಕಿಡ್ನಿಯ ವಿಷಯದಲ್ಲಂತೂ ಕ್ರಾನಿಕ್ ಅನ್ನುವುದಕ್ಕೆ ಲೆಕ್ಕವೇ ಇದೆ: ಇಜಿಎಫ್‌ಆರ್ (ಕಿಡ್ನಿ ರಕ್ತವನ್ನು ಎಷ್ಟು ಸೋಸುತ್ತಿದೆ ಎಂಬ ಅಂದಾಜು) 60ಕ್ಕಿಂತ ಕಡಿಮೆ ಇರಬೇಕು, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರುವಂಥ ಹಾನಿಯ ಗುರುತು ಇರಬೇಕು, ಅದೂ ಕನಿಷ್ಠ 3 ತಿಂಗಳು. ವಾಂತಿಭೇದಿಯಿಂದ ದೇಹದ ನೀರಿನಂಶ ಇಳಿದಾಗ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕುವ ರಕ್ತದಲ್ಲಿನ ತ್ಯಾಜ್ಯ) ಒಮ್ಮೆ ಏರಿದರೆ ಕ್ರಾನಿಕ್ ಎಂಬ ಹೆಸರು ಅಂಟಿಸುವಂತಿಲ್ಲ. ಚೇತರಿಸಿಕೊಂಡ ಮೇಲೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಇನ್ನೊಂದು, ವೈದ್ಯರ ಚೀಟಿಯಲ್ಲಿ ರೋಗದ ಹೆಸರಿಗೆ ಮೊದಲು ‘?’ ಅಥವಾ ‘ಆರ್/ಓ’ (ರೂಲ್ ಔಟ್) ಇದ್ದರೆ ಆ ರೋಗ ಖಚಿತವಾಗಿದೆ ಎಂದಲ್ಲ. ಮೊದಲನೆಯದು ಬರೀ ಅನುಮಾನ, ಎರಡನೆಯದು ‘ಇದು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ’ ಎಂಬ ಸೂಚನೆ. ಇದನ್ನು ನೋಡಿ ರಾತ್ರಿಯೆಲ್ಲ ಗೂಗಲ್ ಮಾಡುವವರೇ ಹೆಚ್ಚು!

ಲ್ಯಾಬ್ ವರದಿಯಲ್ಲಿ ‘ನಾರ್ಮಲ್ ರೇಂಜ್’ನ ಹೊರಗಿನ ಅಂಕಿಗಳನ್ನು ತೋರಿಸುವ ದಪ್ಪಕ್ಷರಗಳ ಬಗ್ಗೆ ಲೇಖನ ಏನೂ ಹೇಳಿಲ್ಲ. ‘ನಾರ್ಮಲ್ ರೇಂಜ್’ ಅನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ಶೇ. 95 ಮಂದಿಯ ಅಳತೆ ಒಳಗೆ ಬರುವಂತೆ ಗೊತ್ತುಮಾಡುತ್ತಾರೆ. ಅಂದರೆ ಆರೋಗ್ಯವಾಗಿರುವ 20 ಜನರಲ್ಲಿ ಒಬ್ಬರದು ಹೊರಗೆ ಬೀಳುವುದು ಸಹಜ. 20–30 ಪರೀಕ್ಷೆಗಳ ಪ್ಯಾಕೇಜ್ ಮಾಡಿಸಿದರೆ ಒಂದೆರಡು ದಪ್ಪಕ್ಷರ ಬಂದೇ ಬರಬಹುದು. ಎಲ್ಲ ಪರೀಕ್ಷೆಗಳೂ ಹಾಗಲ್ಲ: ಎಚ್‌ಬಿಎ1ಸಿಯ (ಸುಮಾರು ಎರಡು–ಮೂರು ತಿಂಗಳ ಸರಾಸರಿ ರಕ್ತದ ಸಕ್ಕರೆ ತೋರಿಸುವ ಪರೀಕ್ಷೆ) ಶೇ. 6.5 ಎಂಬುದು ಮಧುಮೇಹ ನಿರ್ಣಯಕ್ಕೆಂದೇ ಇಟ್ಟ ಗಡಿ. ಅಲ್ಲಿಯೂ ಲಕ್ಷಣಗಳಿಲ್ಲದಿದ್ದರೆ ಎರಡನೇ ಪರೀಕ್ಷೆಯಿಂದ ದೃಢಪಡಿಸಿಕೊಳ್ಳುವುದೇ ಕ್ರಮ. ರಕ್ತಹೀನತೆ ಇರುವವರಲ್ಲಿ, ಇತ್ತೀಚೆಗೆ ರಕ್ತ ಹಾಕಿಸಿಕೊಂಡವರಲ್ಲಿ ಆ ಅಂಕಿ ದಾರಿ ತಪ್ಪಿಸಬಹುದು, ವೈದ್ಯರಿಗೆ ಮೊದಲೇ ತಿಳಿಸಿ.