ಸಿಎನ್‌ಸಿ ಇರುವುದು ಜಾಲಿ ಕೊರೆಯಲಿಕ್ಕೆ ಮಾತ್ರ ಅಲ್ಲ

ಮಂಗಳೂರು, ಉಡುಪಿ ಕಡೆ ಸಿಎನ್‌ಸಿ ರೂಟರ್ (ಕಂಪ್ಯೂಟರ್ ಹೇಳಿದಂತೆ ಮರ ಕೊರೆಯುವ ಯಂತ್ರ) ಅಂದರೆ ದೇವರ ಕೋಣೆಯ ಬಾಗಿಲಿಗೆ ಜಾಲರಿಯಂಥ ಜಾಲಿ, ಎಂಡಿಎಫ್‌ಗೆ (ಮರದ ನಾರು ಒತ್ತಿ ಮಾಡಿದ ಹಲಗೆಗೆ) ಹೂಬಳ್ಳಿ ಎಂದೇ ಆಗಿದೆ. ಅದೇ ಯಂತ್ರದಲ್ಲಿ ಹಲಸು ಮತ್ತು ಬೀಟೆಯ ಹಲಗೆಗಳನ್ನು ಒಂದಕ್ಕೊಂದು ಕಚ್ಚಿಸಿ, ಆ ಕಚ್ಚನ್ನೇ ಅಲಂಕಾರ ಮಾಡಬಹುದು. ಇದನ್ನು ಹೆಚ್ಚು ಜನ ಮಾಡಬೇಕು ಅಂತ ನನ್ನ ಆಸೆ.

ಮೊದಲನೆಯದಾಗಿ, ಉಳಿಯಲ್ಲಿ ಮಾಡುವ ಡವ್‌ಟೇಲನ್ನು (ಪಾರಿವಾಳದ ಬಾಲದಂತೆ ತುದಿ ಅಗಲವಾದ ಹಲ್ಲಿನ ಕಚ್ಚನ್ನು) ನಕಲು ಮಾಡಲಿಕ್ಕೆ ಹೋಗಬೇಡಿ. ಬಿಟ್ (ಯಂತ್ರದಲ್ಲಿ ತಿರುಗುತ್ತಾ ಕೊರೆಯುವ ಮೊನೆ) ದುಂಡಗಿರುತ್ತದೆ. 6 ಮಿ.ಮೀ. ಬಿಟ್ ಒಳಮೂಲೆಯಲ್ಲಿ 3 ಮಿ.ಮೀ. ತ್ರಿಜ್ಯದ ತಿರುವು ಬಿಟ್ಟೇ ಬಿಡುತ್ತದೆ. ಅದಕ್ಕಾಗಿ ಮೂಲೆಗಳಲ್ಲಿ ಡಾಗ್‌ಬೋನ್ (ಮೂಲೆಯಾಚೆಗೂ ಸ್ವಲ್ಪ ಕೊರೆದ ದುಂಡು) ತೂತು ಹಾಕುವುದು ಕಪಾಟಿನ ಒಳಗಾದರೆ ಸರಿ, ಎದುರಿಗೆ ಕಾಣುವಲ್ಲಿ ಅಸಹ್ಯ. ಹಲ್ಲುಗಳನ್ನು ಮೊದಲೇ ಬಳುಕುವ ಗೆರೆಯಲ್ಲಿ ಬರೆಯಿರಿ. ಯಾವ ತಿರುವೂ 3.5ಕ್ಕಿಂತ ಸಣ್ಣದಾಗದಿರಲಿ. ಎರಡೂ ಹಲಗೆಗೆ ಒಂದೇ ಗೆರೆ. ಒಂದಕ್ಕೆ ಬಿಟ್ ಗೆರೆಯ ಎಡಕ್ಕೆ, ಇನ್ನೊಂದಕ್ಕೆ ಬಲಕ್ಕೆ.

ಬಿಗಿ ಎಷ್ಟಿರಬೇಕು ಎನ್ನುವಲ್ಲೇ ಹೆಚ್ಚಿನವರು ಸೋಲುವುದು. ಬಿಟ್ ಮೇಲೆ ಬರೆದ ಅಳತೆ ನಂಬಬೇಡಿ, ಬಿಟ್ ತಿರುಗಿಸುವ ಸ್ಪಿಂಡಲ್‌ನ ಅಲುಗಾಟವೂ ಸೇರಿ ಗಾಡಿ (ಬಿಟ್ ಕೊರೆದ ಕಾಲುವೆ) ಅಗಲವಾಗುತ್ತದೆ. ಅದೇ ಮರದ ತುಂಡಿನಲ್ಲಿ ಒಂದು ಗಾಡಿ ಹೊಡೆದು, ಅದನ್ನು ವರ್ನಿಯರ್‌ನಲ್ಲಿ ಅಳೆದು, ಆ ಸಂಖ್ಯೆಯನ್ನೇ ಕಂಪ್ಯೂಟರಿಗೆ ಬಿಟ್ಟಿನ ವ್ಯಾಸವಾಗಿ ಕೊಡಿ. ಆಮೇಲೆ ಒಟ್ಟು 0.1 ಮಿ.ಮೀ. ಸಡಿಲದಿಂದ ಶುರು ಮಾಡಿ. ಬೀಟೆಯಂಥ ಗಟ್ಟಿ ಮರ ಸ್ವಲ್ಪವೂ ಒತ್ತಿಕೊಳ್ಳುವುದಿಲ್ಲ, ಹಲಸು ಒಂಚೂರು ಬಿಗಿ ತಡೆಯುತ್ತದೆ.

18 ಮಿ.ಮೀ. ಹಲಗೆಯನ್ನು 3 ಮಿ.ಮೀ.ಯಂತೆ ಆರು ಸಲ ಇಳಿಸಿ, ಗೋಡೆಯಲ್ಲಿ 0.3 ಉಳಿಸಿ, ಕೊನೆಗೆ ಪೂರ್ತಿ ಆಳದಲ್ಲಿ ಒಂದು ಸುತ್ತು ಹೊಡೆಯಿರಿ. ಭಾರ ಬಿದ್ದಾಗ ಬಿಟ್ ಬಾಗುತ್ತದೆ, ತಳದಲ್ಲಿ ಮರ ಉಳಿದುಬಿಡುತ್ತದೆ. ಹಲ್ಲು ಬಾಯಿಗೇ ಕೂರದಿದ್ದರೆ ಅಳತೆಯ ತಪ್ಪು. ಅರ್ಧ ಇಳಿದು ಸಿಕ್ಕಿಕೊಂಡರೆ ಬಿಟ್ ಬಾಗಿದ್ದು. ಆಗ ಸಡಿಲ ಹೆಚ್ಚಿಸಿದರೆ ಮೇಲೆ ಸಂದು ಕಾಣುತ್ತದೆ ಅಷ್ಟೇ. ಅದರ ಬದಲು ಕೊನೆಯ ಸುತ್ತನ್ನು ಇನ್ನೊಮ್ಮೆ ಓಡಿಸಿ.

ಹಲ್ಲು ಯಾವತ್ತೂ ಮರದ ಎಳೆಯ ದಿಕ್ಕಿಗೇ ಇರಲಿ. ಎಳೆಗೆ ಅಡ್ಡವಾದರೆ ಹಲ್ಲಿನ ಕತ್ತು ಕೊಡತಿಯ ಮೊದಲ ಏಟಿಗೇ ಮುರಿಯುತ್ತದೆ. ಹಲಗೆಗಳನ್ನು ಪಕ್ಕಪಕ್ಕ ಸೇರಿಸುವುದಾದರೆ ಹಲ್ಲು ಎಳೆಗೆ ಅಡ್ಡವೇ ಬರುತ್ತದೆ, ಅದರ ಆಸೆ ಬಿಡಿ, ಚಿಟ್ಟೆಯಾಕಾರದ ಬೇರೆ ತುಂಡು ಕೂರಿಸಿ.

ನಮ್ಮ ಕರಾವಳಿಯ ಹವೆ ಇದರಲ್ಲಿ ದೊಡ್ಡ ಸಂಗತಿ. ಮರ ಉದ್ದಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ, ಅಗಲಕ್ಕೆ ಉಬ್ಬುತ್ತದೆ. ಏಪ್ರಿಲ್‌ನಲ್ಲಿ ಕೊರೆದ ಒಂದು ಹಲಗೆಗೆ ಜೂನ್‌ನಲ್ಲಿ ಕೊರೆದ ಇನ್ನೊಂದು ಕೂರುವುದಿಲ್ಲ. ಎರಡನ್ನೂ ಕೆಲವು ವಾರ ಒಂದೇ ಕೋಣೆಯಲ್ಲಿಟ್ಟು, ಒಂದೇ ದಿನ ಕೊರೆದು, ಅದೇ ದಿನ ಸೇರಿಸಿ. ಅಂಟಿಲ್ಲದೆ ಪರೀಕ್ಷಿಸುವಾಗ ಅರ್ಧ ಮಾತ್ರ ಇಳಿಸಿ, ಪೂರ್ತಿ ಕೂರಿಸಿ ಎಳೆದರೆ ಅಂಚು ಜಜ್ಜುತ್ತದೆ. ಬಿಳಿ ಅಂಟಿನ ನೀರಿಗೂ ಮರ ಉಬ್ಬುವುದರಿಂದ ತೆಳ್ಳಗೆ ಹಚ್ಚಿ, ತಡ ಮಾಡದೆ ಒಂದೇ ಬೀಸಿಗೆ ಕೂರಿಸಬೇಕು.

ಕೊನೆಗೆ ಸಮ ಮಾಡುವಾಗ ಸ್ಯಾಂಡರ್ (ಮರಳುಕಾಗದದಿಂದ ಉಜ್ಜುವ ಯಂತ್ರ) ಬೇಡ. ಬೀಟೆಯ ಕಪ್ಪು ಧೂಳು ಹಲಸಿನ ರಂಧ್ರಗಳಲ್ಲಿ ಕೂತು ಹಳದಿ ಕೊಳಕಾಗುತ್ತದೆ. ಹರಿತವಾದ ಸ್ಕ್ರೇಪರ್‌ನಲ್ಲಿ ಹೆರೆದು, ಗಾಳಿ ಹೊಡೆದು, ಆಮೇಲೆ ಪಾಲಿಶ್ ಹಚ್ಚಿ.