‘ಬಿಟ್ಟಾಗ ಮಾತ್ರ’ ಅಂದೆ, ಯಾರಾದ್ರೂ ಕೇಳಿದ್ರಾ?

"ರಿಪೇರಿ ಮಾಡ್ಸಡ ಮಾರಾಯ" ಅಂದರು, ನನ್ನ ಹಳೇ ಬುಲೆಟ್ ಬೈಕ್ ನೋಡಿ, ರಸ್ತೆ ಬದಿಯ ತೋಟದವರೊಬ್ಬರು. ಮಾಡಿಸಬೇಡ ಅಂತ! ಕವಣೆ ಹೆಗಲ ಮೇಲೆ ಹಾಕಿಕೊಂಡು, ನನ್ನ ಮುಖ ನೋಡಿಯೇ ಅಂದರು. ಬೆಳಿಗ್ಗೆ ಎಂಟೂ ಕಾಲಿಗೆ. ಈಗ ರಾತ್ರಿ ಹತ್ತಾಯಿತು. ಊಟ ಸೇರಲಿಲ್ಲ, ನಿದ್ದೆಯೂ ಬರುವ ಹಾಗಿಲ್ಲ.

ಹಳೇ ಗಾಡಿ ಮಾರಿ ಹೊಸದು ತಗೊಳ್ಳಿ ಅನ್ನುವವರು ಇಲ್ಲಿಗೇ ನಿಲ್ಲಿಸಿ, ಮುಂದೆ ಓದಬೇಡಿ. ಆ ಉಪದೇಶ ಮನೆಯಲ್ಲೇ ಎರಡು ಹೊತ್ತು ಸಿಗುತ್ತದೆ. ಕೆಎ 31, ಅಂದರೆ ಶಿರಸಿ ನಂಬರ್, 1992ರ ಬುಲೆಟ್, ಅಪ್ಪಯ್ಯನದ್ದು. 346 ಸಿಸಿ, ಬೀಡುಕಬ್ಬಿಣದ ಬ್ಲಾಕು, ಕಿಡಿ ಕೊಡಲು ಹಳೇ ಪಾಯಿಂಟ್ ಇಗ್ನಿಷನ್, ಬಲಗಾಲಿಗೆ ಗೇರು. ಮಾರುವುದಿಲ್ಲ. ಮುಗಿಯಿತು.

ಕಾಯಿಲೆ ಒಂದೇ. ಎಕ್ಸಲೇಟರ್ ಬಿಟ್ಟಾಗ ಸೈಲೆನ್ಸರ್ ಹೊಡೆಯುತ್ತದೆ. ಬಿಟ್ಟಾಗ ಮಾತ್ರ. ಎಳೆಯುವಾಗ ಸೊಗಸಾಗಿ ಎಳೆಯುತ್ತದೆ, ಏರಿನಲ್ಲಿ ಒಂದೇ ಒಂದು ಮಿಸ್ಸಿಂಗ್ ಇಲ್ಲ. ಇಳಿಜಾರು ಬಂತು, ಕೈ ಸಡಿಲ ಬಿಟ್ಟೆ ಅನ್ನಿ. ಪಟ್, ಪಟ್, ಪಟಪಟ, ಕೊನೆಗೊಂದು ಢಬ್! ಹೋದ ತಿಂಗಳು ದೇವಿಮನೆ ಘಟ್ಟ ಇಳಿದು ಕತಗಾಲ ಮುಟ್ಟುವವರೆಗೂ ದೀಪಾವಳಿ ಮಾಡಿಕೊಂಡೇ ಹೋಗಿದ್ದೇನೆ.

ಈ 'ಬಿಟ್ಟಾಗ ಮಾತ್ರ' ಅನ್ನುವ ಎರಡು ಶಬ್ದವನ್ನು ಮೂರು ತಿಂಗಳಲ್ಲಿ ಎಷ್ಟು ಜನ ಮೇಸ್ತ್ರಿಗಳಿಗೆ ಹೇಳಿದ್ದೇನೆ ಗೊತ್ತಾ? ಒಬ್ಬರಿಗೂ ಹೇಳಿಲ್ಲ. ಅಂದರೆ, ಹೇಳಲು ಬಿಡಲಿಲ್ಲ. "ಮೇಸ್ತ್ರೀ, ಇದು ಎಕ್ಸಲೇಟರ್ ಬಿ..." ಅನ್ನುವಷ್ಟರಲ್ಲಿ ಸ್ಕ್ರೂಡ್ರೈವರ್ ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬೊರೇಟರಿಗೆ ಹೋಗಿರುತ್ತದೆ. ನನ್ನ ವಾಕ್ಯ ಅರ್ಧದಲ್ಲೇ ಇರುತ್ತದೆ. ಅವರದ್ದು ರೆಡಿ: "ಹೆಗಡೇರೆ, ಹಳೇ ಗಾಡಿ ಅಂದ್ರೆ ಹಾಗೇ."

ಹಾಗೇ ಅಂದ್ರೆ ಹೇಗೆ? ಅಪ್ಪಯ್ಯ ಇದರಲ್ಲೇ ಇಪ್ಪತ್ತು ವರ್ಷ ಓಡಾಡಿದರು. ಆಗ ಹೊಡೀತಿರಲಿಲ್ಲವಲ್ಲ!

ಮೊದಲನೆಯವರು ಏರ್ ಸ್ಕ್ರೂ, ಅಂದರೆ ಕಾರ್ಬೊರೇಟರಿನ ಗಾಳಿಯ ತಿರುಪು, ಹೊರಗೆ ತಿರುಗಿಸಿದರು. ಹಾಗೆ ಮಾಡಿದರೆ ಗಾಳಿ ಜಾಸ್ತಿ ಹೋಗುತ್ತದೆ. "ಮೈಲೇಜೂ ಬರ್ತದೆ ನೋಡಿ" ಅಂದರು. 200 ರೂಪಾಯಿ. ಎರಡನೆಯವರು ಪಾಯಿಂಟ್, ಕಂಡೆನ್ಸರ್, ಪ್ಲಗ್ ಮೂರೂ ಬದಲು ಮಾಡಿದರು. 850. ಬಿಚ್ಚಿದ ಹಳೇ ಪ್ಲಗ್ಗನ್ನು ತಿರುಗಿಸಿ ಕೂಡ ನೋಡಲಿಲ್ಲ, ಡಬ್ಬಕ್ಕೆ ಎಸೆದರು. ನಾನು ಹೆಕ್ಕಿಕೊಂಡೆ. ತುದಿ ಬೂದಿಯ ಹಾಗೆ ಬೆಳ್ಳಗೆ. ಸರಿ ಇದ್ದರೆ ಕಾಫಿಪುಡಿ ಬಣ್ಣ ಇರಬೇಕು, ಪೆಟ್ರೋಲ್ ಜಾಸ್ತಿಯಾದರೆ ಮಸಿ ಹಿಡಿಯಬೇಕು. ಬೆಳ್ಳಗಿದ್ದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಇಷ್ಟು ನನಗೇ ಗೊತ್ತು. "ಮೇಸ್ತ್ರೀ, ಪ್ಲಗ್ ಬೆಳ್ಳಗಿದೆ" ಅಂದೆ. "ಅದಕ್ಕೇ ಹೊಸದು ಹಾಕಿದ್ದೇನಲ್ಲ" ಅಂದರು. ಜ್ವರ ಬಂದಿದೆ ಅಂದರೆ ಹೊಸ ಥರ್ಮಾಮೀಟರ್ ಕೊಟ್ಟ ಹಾಗಾಯಿತು.

ಮೂರನೆಯವರು ಕಾರ್ಬೊರೇಟರ್ ಕಿಟ್ಟೇ ಬದಲು ಮಾಡಿದರು. ಪೆಟ್ರೋಲ್ ಬಿಡುವ ಜೆಟ್, ಸೂಜಿ, ಫ್ಲೋಟು, ಪ್ಯಾಕಿಂಗು, 1,600. ಎರಡು ದಿನ ಹೊಡೆಯಲಿಲ್ಲ. ನಾನು ಆ ಎರಡು ದಿನ ಗಾಡಿಯನ್ನೇ ಹೊರಗೆ ತೆಗೆದಿರಲಿಲ್ಲ ಅನ್ನುವುದು ಬೇರೆ ಮಾತು.

ನಾಲ್ಕನೆಯವರು ಘಟ್ಟದ ಕೆಳಗೆ, ಕರಾವಳಿಯ ಕುಮಟೆಯಲ್ಲಿ. "ಘಟ್ಟದ ಮೇಲಿನವರು ಟ್ಯೂನ್ ಮಾಡಿದ್ದು ಇಲ್ಲಿ ನಡೆಯೋದಿಲ್ಲ" ಅಂತ ಒಂದು ನಗು ಬೇರೆ. ಸಿಟ್ಟು ಬಂತು. ಸಿಟ್ಟು ಬರಲು ಕಾರಣ ಆ ಮಾತಿನಲ್ಲಿ ಸತ್ಯ ಇರುವುದು. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಕೆಳಗೆ ಇಳಿದ ಹಾಗೆ ಗಾಳಿ ದಪ್ಪವಾಗುತ್ತದೆ, ಜೆಟ್ಟು ಮಾತ್ರ ಅದೇ. ಹಾಗಾಗಿ ಮೇಲೆ ಸರಿಯಿದ್ದ ಮಿಶ್ರಣ ಕೆಳಗೆ ಸ್ವಲ್ಪ ತೆಳುವಾಗುತ್ತದೆ, ಅಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಸ್ವಲ್ಪವೇ, ಜಾಸ್ತಿಯೇನಲ್ಲ. ಸರಿ, ಇಷ್ಟು ತಿಳಿದವರು ಏನು ಮಾಡಬೇಕು? ಸ್ಕ್ರೂ ಒಳಗೆ ತಿರುಗಿಸಬೇಕು. ಏನು ಮಾಡಿದರು? ಹೊರಗೆ ತಿರುಗಿಸಿದರು! 300 ರೂಪಾಯಿ ತಗೊಂಡರು.

ಒಟ್ಟು 2,950. ದುಡ್ಡು ಹೋಗಲಿ ಬಿಡಿ. ಇಲ್ಲ, ಯಾಕೆ ಹೋಗಬೇಕು? ಕೆಂಪಡಿಕೆ ಸುಲಿದು, ಬೇಯಿಸಿ, ಒಣಗಿಸಿ ಬಂದ ದುಡ್ಡು ಅದು.

ನಾಲ್ವರೂ ಒಪ್ಪಿದ್ದು ಒಂದೇ ಮಾತನ್ನು: "ಈಗಿನ ಪೆಟ್ರೋಲೇ ಸರಿ ಇಲ್ಲ." ಅದೂ ಪೂರ್ತಿ ಸುಳ್ಳಲ್ಲ. ಈಗ ಪೆಟ್ರೋಲಿನಲ್ಲಿ 20% ಎಥೆನಾಲ್. ಎಥೆನಾಲಿನ ಒಳಗೇ ಆಮ್ಲಜನಕ ಇರುತ್ತದೆ, ಉರಿಯಲು ಹೊರಗಿನ ಗಾಳಿ ಅಷ್ಟು ಬೇಡ. ಬರೀ ಪೆಟ್ರೋಲಾದರೆ 1 ಕಿಲೋಗೆ 14.7 ಕಿಲೋ ಗಾಳಿ ಸರಿಹೋಗುತ್ತದೆ, ಇದಕ್ಕೆ ಸುಮಾರು 13.5 ಸಾಕು. ಹೊಸ ಗಾಡಿಯಲ್ಲಿ ಸೆನ್ಸರ್ ಇದೆ, ಅದೇ ನೋಡಿಕೊಂಡು ಪೆಟ್ರೋಲ್ ಜಾಸ್ತಿ ಬಿಡುತ್ತದೆ. 1992ರ ಜೆಟ್ಟಿಗೆ ಎಂತ ಗೊತ್ತು ಪಾಪ? ಅದು ಹಳೇ ಲೆಕ್ಕದಲ್ಲೇ ಬಿಡುತ್ತದೆ, ಮಿಶ್ರಣ ತೆಳುವಾಗುತ್ತದೆ. ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಈ ಪೆಟ್ರೋಲ್ ನೀರು ಎಳೆದುಕೊಳ್ಳುವುದು ಬೇರೆ. ನಮ್ಮ ಮಳೆ ನಿಮಗೆ ಗೊತ್ತೇ ಇದೆ.

ಆದರೆ ಸ್ವಾಮಿ, ಪೆಟ್ರೋಲಿನಿಂದ ಮಿಶ್ರಣ ತೆಳುವಾಗಿದೆ ಅಂತ ನೀವೇ ಹೇಳುತ್ತೀರಿ. ಹೇಳುತ್ತಾ ಹೇಳುತ್ತಾ ಸ್ಕ್ರೂ ಹೊರಗೆ ತಿರುಗಿಸಿ ಇನ್ನೂ ತೆಳು ಮಾಡುತ್ತೀರಿ. ಒಬ್ಬರಲ್ಲ, ಇಬ್ಬರು! ಇದಕ್ಕೆ ಯಾರಾದರೂ ಉತ್ತರ ಕೊಡಿ. ನನಗಲ್ಲದಿದ್ದರೆ ಆ ಸ್ಕ್ರೂವಿಗಾದರೂ ಕೊಡಿ.

ಬೆಳಗಿನ ವಿಷಯಕ್ಕೆ ಬರುತ್ತೇನೆ. ಬರಲು ಮನಸ್ಸಿಲ್ಲ.

ಹುಲೇಕಲ್ ರಸ್ತೆಯ ಒಂದು ಇಳಿಜಾರು. ಎಡಗಡೆ ಧರೆ, ಬಲಗಡೆ ಕೆಳಗೆ ಅಡಿಕೆ ತೋಟ. ಮಳೆ ಆಗಷ್ಟೇ ನಿಂತಿತ್ತು. ಹಿಂದೆ ಶಾಲೆ ಮಕ್ಕಳ ಟೆಂಪೋ. ಇಳಿಜಾರಿಗೆ ಬಂದೆ, ಎಕ್ಸಲೇಟರ್ ಬಿಟ್ಟೆ. ಯಾವತ್ತಿನ ಪಟಪಟ ಅಲ್ಲ ಇವತ್ತಿನದ್ದು. ನೇರವಾಗಿ ಢಬ್. ಮತ್ತೊಂದು ಢಬ್. ಕೆಳಗೆ ತಿರುವಿನಲ್ಲಿ ಎಂಜಿನ್ ಸುಮ್ಮನಾಯಿತು. ರಸ್ತೆ ಅಲ್ಲಿ ಸಪೂರ, ಟೆಂಪೋಗೂ ಮುಂದೆ ಹೋಗಲು ಜಾಗ ಇಲ್ಲ. ಅದೂ ನಿಂತಿತು.

ಸ್ಟಾಂಡ್ ಹಾಕಿದೆ. ಎಂಜಿನ್ನಿನ ಒತ್ತಡ ಬಿಡಿಸುವ ಡಿಕಂಪ್ರೆಷನ್ ಒತ್ತಿದೆ, ಆಂಪಿಯರ್ ಮುಳ್ಳು ನಡುವೆ ತಂದೆ, ಕಿಕ್ ಹೊಡೆದೆ. ಏನೂ ಇಲ್ಲ. ಮತ್ತೆ ಹೊಡೆದೆ. ಇಲ್ಲ. ಆರು ಕಿಕ್ ಆಗಿರಬೇಕು. ಹತ್ತದ ಒಂದೊಂದು ಕಿಕ್ಕಿಗೂ ಉರಿಯದ ಪೆಟ್ರೋಲ್ ಹಬೆ ಬಿಸಿ ಸೈಲೆನ್ಸರಿಗೆ ಹೋಗಿ ಕೂರುತ್ತದೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಏಳನೆಯದು ಹೊಡೆದೆ.

ಅದು ಶಬ್ದ ಅಲ್ಲ, ಗರ್ನಾಲು. ಆಚೆ ಬೆಟ್ಟಕ್ಕೆ ತಾಗಿ ತಿರುಗಿ ಬಂತು. ತೋಟದಲ್ಲಿ ದಬದಬ ಅಂತ ಏನೋ ಓಡಿತು. ಎಂಜಿನ್ ಎರಡು ಉಸಿರು ತೆಗೆದು ಮತ್ತೆ ನಿಂತಿತು. ಒಂದು ಕ್ಷಣ ಎಲ್ಲ ಮೌನ. ಆಮೇಲೆ ಟೆಂಪೋ ಕಿಟಕಿಯಿಂದ ಒಂದು ಸಣ್ಣ ಧ್ವನಿ: "ಅಂಕಲ್, ಮತ್ತೊಂದು!" ಅಷ್ಟೇ ಸಾಕಾಯಿತು. "ಮತ್ತೊಂದು! ಮತ್ತೊಂದು!" ಅಂತ ಇಡೀ ಟೆಂಪೋ. ಕಿಟಕಿಯ ಸರಳು ಬಡಿಯುತ್ತಿದ್ದರು. ಡ್ರೈವರ್ ಸ್ಟಿಯರಿಂಗ್ ಮೇಲೆ ತಲೆ ಇಟ್ಟುಕೊಂಡು ನಗುತ್ತಿದ್ದ. ನನ್ನ ಹೆಲ್ಮೆಟ್ಟಿನೊಳಗೆ ಬೆವರು ಹರಿದು ಕನ್ನಡಕ ಮಬ್ಬಾಗಿತ್ತು. ಒರೆಸಿಕೊಳ್ಳಲು ಹೆಲ್ಮೆಟ್ ತೆಗೆದೆ. ಯಾಕೆ ತೆಗೆದೆನೋ! ಒಬ್ಬ ಹುಡುಗ, "ಏ, ನಮ್ಮ ಮನೆ ಹತ್ತಿರದವ್ರು!"

ಆಗ ತೋಟದ ಬೇಲಿಯ ದಣಪೆ ಸರಿಸಿಕೊಂಡು ಆ ಮನುಷ್ಯ ಮೇಲೆ ಬಂದರು. ಅರವತ್ತೈದು ದಾಟಿದ ವಯಸ್ಸು, ತಲೆಗೆ ಹಾಳೆ ಟೊಪ್ಪಿ, ಕೈಯಲ್ಲಿ ಕವಣೆ. ಬೈಯಲು ಬಂದರು ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ತಮಾ, ಇದು ದಿನಾ ಹಿಂಗೇ ಹೊಡೀತಾ?"

ನಾನು ತಲೆ ತಗ್ಗಿಸಿದೆ. "ಇಲ್ಲ, ಅದು... ಸ್ವಲ್ಪ ಟ್ಯೂನಿಂಗ್..."

"ಅಲ್ದೋ, ಏರು ಹತ್ತಕಾದ್ರೂ ಹೊಡೀತಾ, ಬರೀ ಇಳಿಯಕಾದ್ರೆ ಮಾತ್ರನಾ? ಎಕ್ಸಲೇಟರ್ ಬಿಟ್ರೆ ಹೊಡೀತಾ?"

ನಾನು ಅವರ ಮುಖ ನೋಡಿದೆ. ಮೂರು ತಿಂಗಳಲ್ಲಿ ಮೊದಲ ಸಲ. ನಾಲ್ಕು ಗ್ಯಾರೇಜು, 2,950 ರೂಪಾಯಿ, ಒಬ್ಬರೂ ಕೇಳದ ಪ್ರಶ್ನೆ. ಗಂಟಲು ಕಟ್ಟಿತು, ಸುಳ್ಳಲ್ಲ. "ಬಿಟ್ಟಾಗ ಮಾತ್ರ" ಅಂದೆ.

"ಹಂಗಾರೆ ಒಳ್ಳೇದಾತು" ಅಂದರು. "ಈಗ ಮಂಗ ಪೂರಾ ಆಚೆ ಬೆಟ್ಟಕ್ಕೆ ಓಡಿ ಹೋತು. ಎಂಟು ದಿನದಿಂದ ಎಳೆ ಅಡಿಕೆ ಒಂದೂ ಬಿಡ್ತಿಲ್ಲೆ. ಪಟಾಕಿ ಹೊಡೆದು ಹೊಡೆದು ಸಾಕಾತು. ನೀನು ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ ಈ ಇಳಿಜಾರಲ್ಲಿ ಬಿಡು. ಪೆಟ್ರೋಲ್ ದುಡ್ಡು ಆನು ಕೊಡ್ತೆ. ರಿಪೇರಿ ಮಾಡ್ಸಡ ಮಾರಾಯ."

ತಮಾಷೆಗೆ ಅಂದದ್ದಲ್ಲ. ನನ್ನ ನಂಬರ್ ತಗೊಂಡರು. ಟೆಂಪೋ ಡ್ರೈವರ್ ಕೇಳಿಸಿಕೊಂಡ, ಮಕ್ಕಳು ಕೇಳಿಸಿಕೊಂಡರು. ಇಷ್ಟೊತ್ತಿಗೆ ಇಡೀ ಶಿರಸಿಗೆ ಗೊತ್ತಾಗಿರುತ್ತದೆ. ಅಪ್ಪಯ್ಯನ ಬುಲೆಟ್ಟು, ಮಂಗ ಓಡಿಸುವ ಕೆಲಸಕ್ಕೆ, ದಿನಕ್ಕೆರಡು ಸಲ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಇವತ್ತು ಅಷ್ಟು ಜೋರಾಗಿ ಹೊಡೆಯಲು ಮೇಸ್ತ್ರಿಗಳು ಕಾರಣ ಅಲ್ಲ. ನಾನೇ. ನಿನ್ನೆ ರಾತ್ರಿ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದೆ. ಸ್ಕ್ರೂ ಹೊರಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ ಬರುತ್ತದೆ ಅಂದ ಪುಣ್ಯಾತ್ಮ. ಜಗಲಿಯಲ್ಲಿ ಟಾರ್ಚ್ ಹಿಡಿದುಕೊಂಡು ಹೊರಗೆ ತಿರುಗಿಸಿದೆ. ಅವನ ಕಾರ್ಬೊರೇಟರ್ ಬೇರೆ. ಅದರಲ್ಲಿ ಸ್ಕ್ರೂ ಎಂಜಿನ್ ಕಡೆಗಿದೆ, ಅದು ಪೆಟ್ರೋಲಿನ ಸ್ಕ್ರೂ. ನನ್ನದರಲ್ಲಿ ಏರ್ ಫಿಲ್ಟರ್ ಕಡೆಗಿದೆ, ಇದು ಗಾಳಿಯ ಸ್ಕ್ರೂ. ಹೊರಗೆ ತಿರುಗಿಸಿದರೆ ಗಾಳಿ ಜಾಸ್ತಿ, ಒಳಗೆ ತಿರುಗಿಸಿದರೆ ಪೆಟ್ರೋಲ್ ಜಾಸ್ತಿ. ಪೂರ್ತಿ ಒಳಗೆ ಕೂರಿಸಿ ಒಂದೂವರೆ ಸುತ್ತು ಹೊರಗೆ ತಂದರೆ ಅಲ್ಲಿಂದ ಟ್ಯೂನಿಂಗ್ ಶುರು. ಇವತ್ತು ಸಂಜೆ ಎಣಿಸಿ ನೋಡಿದೆ, ಮೂರೂ ಕಾಲು ಸುತ್ತು ಹೊರಗಿತ್ತು. ನಾಲ್ಕು ಮೇಸ್ತ್ರಿಗಳಿಗೆ ಇಷ್ಟುದ್ದ ಬೈದೆನಲ್ಲ, ಐದನೆಯವನು ನಾನು. ದುಡ್ಡು ತಗೊಂಡಿಲ್ಲ ಅಷ್ಟೇ.

ಒಂದೂವರೆಗೆ ತಂದೆ. ಕಿಕ್ ಹೊಡೆದೆ, ಎರಡನೆಯದಕ್ಕೇ ಹತ್ತಿತು. ಅಂಗಳದಲ್ಲಿ ರೈಸ್ ಮಾಡಿ ಬಿಟ್ಟೆ. ಢಬ್ ಇಲ್ಲ. ಖುಷಿಯಾಯಿತು. ಆಮೇಲೆ, ಪಟ್. ಸ್ವಲ್ಪ ತಡೆದು ಮತ್ತೊಂದು ಪಟ್.

ಆಗ ಊದುಬತ್ತಿ ತಂದೆ. "ಪೆಟ್ರೋಲ್ ಗಾಡಿಗೆ ಆರತಿ ಎತ್ತವನ ನೀನು?" ಅಂತ ಆಯಿ ಒಳಗಿಂದ ಕೂಗಿದಳು. ಕಾರ್ಬೊರೇಟರ್ ಹಿಂದಿದೆ, ನಾನು ಹಿಡಿದದ್ದು ಮುಂದೆ, ಎಂಜಿನ್ ಹೆಡ್ಡಿಗೆ ಬೆಂಡ್ ಪೈಪ್, ಅಂದರೆ ಹೊಗೆಯನ್ನು ಸೈಲೆನ್ಸರಿಗೆ ಒಯ್ಯುವ ಪೈಪ್, ಕೂರುವ ಜಾಗಕ್ಕೆ. ಎಂಜಿನ್ ಓಡುತ್ತಿರುವಾಗ ಹೊಗೆ ಸುಮ್ಮನೆ ಮೇಲೆ ಹೋಗಬೇಕು. ಹೋಗಲಿಲ್ಲ. ಒಮ್ಮೆ ಆಚೆ ದೂಡುತ್ತದೆ, ಒಮ್ಮೆ ಸಂದಿಯೊಳಗೆ ಸೆಳೆದುಕೊಳ್ಳುತ್ತದೆ. ಟಾರ್ಚ್ ಹಾಕಿ ನೋಡಿದರೆ ಸುತ್ತ ಕಪ್ಪು ಮಸಿಯ ಗೆರೆ. ಪೈಪನ್ನು ತಣ್ಣಗಾದ ಮೇಲೆ ಹಿಡಿದು ಅಲ್ಲಾಡಿಸಿದೆ. ಹಾಲುಹಲ್ಲಿನ ಹಾಗೆ ಅಲ್ಲಾಡಿತು.

ಇದೇ. ಎಕ್ಸಲೇಟರ್ ಬಿಟ್ಟಾಗ ಗಾಡಿಯ ಓಟಕ್ಕೆ ಎಂಜಿನ್ ಸುಮ್ನೆ ತಿರುಗುತ್ತಿರುತ್ತದೆ. ಒಳಗೆ ಬರುವ ಅಷ್ಟಿಷ್ಟು ಮಿಶ್ರಣ ಸರಿಯಾಗಿ ಉರಿಯದೆ ಸೈಲೆನ್ಸರಿಗೆ ಹೋಗುತ್ತದೆ. ಅಲ್ಲಿಗೆ ಸಂದಿಯಿಂದ ಹೊಸ ಗಾಳಿ ಸಿಕ್ಕಿತು ಅಂದರೆ ಬಿಸಿಗೆ ಅಲ್ಲೇ ಹತ್ತಿಕೊಳ್ಳುತ್ತದೆ. ಎಳೆಯುವಾಗ ಹೊಡೆದಿದ್ದರೆ ಪಾಯಿಂಟೋ ವಾಲ್ವೋ ನೋಡಬೇಕಿತ್ತು. ಬಿಟ್ಟಾಗ ಮಾತ್ರ ಹೊಡೆದರೆ ಮೊದಲು ಜಾಯಿಂಟ್ ನೋಡಬೇಕು, ಆಮೇಲೆ ಸ್ಕ್ರೂ. ಎರಡು ಶಬ್ದ ಕೇಳಿಸಿಕೊಂಡಿದ್ದರೆ ಹತ್ತು ನಿಮಿಷದ ಕೆಲಸ.

ಅಂದ ಹಾಗೆ, ಜೂನಿನಲ್ಲಿ ಹೆಡ್ ಬಿಚ್ಚಿ ಮಸಿ ತೆಗೆಸಿದ್ದೆ. ಆಗ ಬೆಂಡ್ ಪೈಪ್ ಬಿಚ್ಚಿರುತ್ತಾರಲ್ಲ. ಹೊಡೆಯಲು ಶುರುವಾದದ್ದೇ ಅದರ ಮರುವಾರ. ಇದನ್ನು ನಾನೂ ಯಾವ ಮೇಸ್ತ್ರಿಗೂ ಹೇಳಿಲ್ಲ. ಅವರು ಕೇಳಲಿಲ್ಲ, ನನಗೆ ನೆನಪಾಗಲಿಲ್ಲ. ಹಾಗಂತ ಅವರದ್ದು ತಪ್ಪಿಲ್ಲ ಅಂತಲ್ಲ! ತಪ್ಪು ಅವರದ್ದೇ. ಮುಕ್ಕಾಲು ಅವರದ್ದು.

ಈಗ ಗೊತ್ತಿದ್ದವರು ಹೇಳಿ. ಪೈಪಿನ ಬಾಯಿ ಸವೆದಿದೆ, ಸುಮ್ನೆ ಒತ್ತಿ ಕೂರಿಸಿದರೆ ನಿಲ್ಲುವುದಿಲ್ಲ. ಬಿಸಿ ತಡೆಯುವ ಪೇಸ್ಟ್ ಹಚ್ಚಿದರೆ ಸಾಕಾ? ಲೇತಿಗೆ ಕೊಟ್ಟು ಬಾಯಿ ಸ್ವಲ್ಪ ಹಿಗ್ಗಿಸಬೇಕಾ? ತಗಡಿನ ಪಟ್ಟಿ ಸುತ್ತಿ ಕೂರಿಸಿದವರು ಯಾರಾದರೂ ಇದ್ದೀರಾ, ಎಷ್ಟು ದಿನ ಬಂತು? "ಹಳೇ ಗಾಡಿ ಹಾಗೇ" ಅಂತ ಮಾತ್ರ ಬರೆಯಬೇಡಿ. ದಮ್ಮಯ್ಯ.

ಇಷ್ಟು ಬರೆಯುವಾಗ ಫೋನ್ ಬಂತು. ಹೊಸ ನಂಬರ್. "ತಮಾ, ನಾಳೆ ಎಷ್ಟೊತ್ತಿಗೆ ಬತ್ತೆ?"

ಎಂಟೂ ಕಾಲಿಗೆ ಅಂದೆ.