ಕೃಪೆ: ಅಂತರ್ಜಾಲ

ನಮ್ಮ ಬಡಾವಣೆಯ ಕನ್ನಡ ಸಂಘಕ್ಕೆ 25 ವರ್ಷ ತುಂಬಿತು. ಸ್ಮರಣ ಸಂಚಿಕೆ ತರಬೇಕು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಆ ಸಭೆಗೆ ಹತ್ತು ನಿಮಿಷ ತಡವಾಗಿ ಹೋದ ತಪ್ಪಿಗೆ ಸಂಪಾದಕನ ಕೆಲಸ ನನ್ನ ತಲೆಗೆ ಬಿತ್ತು.

ಹದಿನೈದೇ ದಿನದಲ್ಲಿ 96 ಪುಟ ತುಂಬಿಬಿಟ್ಟವು. ನಾನು ಯಾರಿಗೂ ಬರೆದುಕೊಡಿ ಎಂದು ಕೇಳಿರಲಿಲ್ಲ. ಯಾರೂ ಬರೆದಿರಲೂ ಇಲ್ಲ. ಆದರೂ ತುಂಬಿದವು.

ಪ್ರೂಫ್ ಕೈಗೆ ಬಂದಾಗ ಗುಟ್ಟು ಗೊತ್ತಾಯಿತು. 7ನೇ ಪುಟದಲ್ಲಿ ಅಮ್ಮನ ಮೇಲೆ ಒಂದು ಕವನ. ಕೆಳಗೆ, 'ಕೃಪೆ: ವಾಟ್ಸಾಪ್'. 12ನೇ ಪುಟದಲ್ಲಿ ಹಂಪಿಯ ಕಲ್ಲಿನ ರಥ. 'ಕೃಪೆ: ಗೂಗಲ್'. 31ನೇ ಪುಟದಲ್ಲಿ ಸಕ್ಕರೆ ಕಾಯಿಲೆಗೆ ಮೆಂತ್ಯ. 'ಸಂಗ್ರಹ', ಅದರ ಮುಂದೆ ಖಜಾಂಚಿಯ ಹೆಂಡತಿಯ ಹೆಸರು, ಫೋಟೋ ಸಮೇತ. ನಡುವಿನ ಬಣ್ಣದ ಹಾಳೆಯಲ್ಲಿ ಜೋಗ ಧುಮ್ಮಿಕ್ಕುತ್ತಿತ್ತು. ರಾಜ, ರಾಣಿ, ರೋರರ್, ರಾಕೆಟ್, ನಾಲ್ಕರ ಮೇಲೂ ಅಡ್ಡಡ್ಡವಾಗಿ ಯಾವುದೋ ಫೋಟೋ ಮಾರುವ ಕಂಪನಿಯ ವಾಟರ್‌ಮಾರ್ಕ್. ಡಿಟಿಪಿ ಹುಡುಗನಿಗೆ ತೋರಿಸಿದೆ. "ಪ್ರಿಂಟ್ ಆದ್ಮೇಲೆ ಮಂಜು ಥರಾ ಕಾಣುತ್ತೆ ಬಿಡಿ ಸಾರ್" ಎಂದ.

ಇಷ್ಟಕ್ಕೂ ಮೊದಲು, ಎರಡನೇ ಪುಟದಲ್ಲಿ, ಸೊನ್ನೆಯೊಳಗೆ ಕೂತ ಸಿ ಅಕ್ಷರ. ಪಕ್ಕದಲ್ಲಿ ದಪ್ಪಕ್ಷರದಲ್ಲಿ: 'ಎಲ್ಲ ಹಕ್ಕುಗಳನ್ನು ಕಾಯ್ದಿರಿಸಲಾಗಿದೆ. ಈ ಸಂಚಿಕೆಯ ಯಾವ ಭಾಗವನ್ನೂ ಸಂಘದ ಲಿಖಿತ ಅನುಮತಿ ಇಲ್ಲದೆ ಬಳಸುವಂತಿಲ್ಲ.'

ಈ 'ಕೃಪೆ' ಎನ್ನುವ ಪದದ ಬಗ್ಗೆ ನನಗೆ ಬಹಳ ದಿನದಿಂದ ಕುತೂಹಲ. ನಮ್ಮ ಕಾಲದಲ್ಲಿ ಕೃಪೆ ತೋರುತ್ತಿದ್ದದ್ದು ದೇವರು, ಅಪರೂಪಕ್ಕೆ ಮಳೆ. ಈಗ ಅಂತರ್ಜಾಲ ಪ್ರಸನ್ನವಾಗಿದೆ. ಕೇಳದೆ ತೆಗೆದುಕೊಂಡದ್ದೆಲ್ಲ ಕೃಪೆ ಎನ್ನುವುದಾದರೆ, ಬೆಳಗಿನ ವಾಕಿಂಗ್‌ನಲ್ಲಿ ಪಕ್ಕದ ಮನೆಯ ದಾಸವಾಳ ಕಿತ್ತು ತಂದು ದೇವರಿಗೆ ಏರಿಸುವವರೂ ಒಂದು ಚೀಟಿ ಅಂಟಿಸಬಹುದು. 'ಕೃಪೆ: ಕಾಂಪೌಂಡ್' ಅಂತ.

ಇದೆಲ್ಲ ಹೀಗೇ ಅಚ್ಚಾಗಿಬಿಡುತ್ತಿತ್ತೋ ಏನೋ. ಅಷ್ಟರಲ್ಲಿ ಪಕ್ಕದ ಬಡಾವಣೆಯ ಸಂಘಕ್ಕೆ, ಯಾರದೋ ಫೋಟೋ ಬಳಸಿದ್ದಕ್ಕೆ ವಕೀಲರ ನೋಟಿಸ್ ಬಂತು ಎಂಬ ಸುದ್ದಿ ಹಬ್ಬಿತು. ನಮ್ಮ ಅಧ್ಯಕ್ಷರಿಗೆ ರಾತ್ರಿ ನಿದ್ದೆ ಹೋಯಿತು. ಬೆಳಗ್ಗೆ ಎದ್ದವರೇ 'ಸಂಘ ಸಂಸ್ಥೆಗಳಿಗೆ ಕಾಪಿರೈಟ್ ಅರಿವು' ಎಂಬ ಒಂದು ದಿನದ ಕಾರ್ಯಾಗಾರ ಇಟ್ಟರು. ಸಲಹೆಗಾರರೊಬ್ಬರು ಬಂದರು. ಕೋಟು, ಟೈ, ಕೈಯಲ್ಲಿ ಹಸಿರು ದೀಪ ಬಿಡುವ ರಿಮೋಟು.

ಮೊದಲ ಸ್ಲೈಡಿನಲ್ಲೇ ಇಬ್ಬರು ಕೈ ಕುಲುಕುತ್ತಿದ್ದರು. ಇಬ್ಬರ ಮುಖದ ಮೇಲೂ ಅಡ್ಡಡ್ಡವಾಗಿ ವಾಟರ್‌ಮಾರ್ಕ್. ನಮ್ಮ ಜೋಗದ ಮೇಲಿದ್ದದ್ದೇ. ಹಳೇ ನೆಂಟರನ್ನು ಕಂಡಂತಾಯಿತು.

ಅವರು ಎರಡು ಗಂಟೆ ಮಾತಾಡಿದರು. ಹಾಡನ್ನು 30 ಸೆಕೆಂಡಿಗಿಂತ ಕಮ್ಮಿ ಹಾಕಿದರೆ ತೊಂದರೆ ಇಲ್ಲ ಎಂದರು. ಫೋಟೋ ತಿರುವಿ ಹಾಕಿದರೆ, ಅಂದರೆ ಎಡಕ್ಕಿದ್ದದ್ದನ್ನು ಬಲಕ್ಕೆ ಮಾಡಿದರೆ, ಅದು ಹೊಸ ಕೃತಿ ಎಂದರು. 'ನಮಗೆ ಹಕ್ಕು ಉಲ್ಲಂಘಿಸುವ ಉದ್ದೇಶವಿಲ್ಲ' ಎಂದು ಕೆಳಗೆ ಬರೆದರೆ ಸಾಕು ಎಂದರು. ಈ ಮೂರೂ ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ಆ ಪಿಳ್ಳೆ ನೆವವನ್ನು ಲ್ಯಾಮಿನೇಟ್ ಮಾಡಿಸಿ ಗೋಡೆಗೆ ನೇತುಹಾಕಿದಂತೆ. ಕೊನೆಗೆ, "ದಯವಿಟ್ಟು ನನ್ನ ಸ್ಲೈಡ್‌ಗಳ ಫೋಟೋ ತೆಗೀಬೇಡಿ, ಕಾಪಿರೈಟ್ ಇದೆ" ಎಂದರು. ಆಮೇಲೆ ಬಿಸಿಬೇಳೆಬಾತು, ಪ್ರಮಾಣಪತ್ರ.

ಕಾರ್ಯಾಗಾರದ ಫಲ ಮರುದಿನವೇ ಕಾಣಿಸಿತು. ಸಂಘ ಕಟ್ಟುನಿಟ್ಟಾಯಿತು. ಕಾರ್ಯದರ್ಶಿಗಳು ಮಾಡಿದ ಮೊದಲ ಕೆಲಸವೆಂದರೆ ಮುಖಪುಟದ ಬಸವಣ್ಣನವರ ವಚನಕ್ಕೆ ಕೆಂಪು ಗೀಟು ಎಳೆದದ್ದು. "ಅವರ ವಾರಸುದಾರರು ಯಾರು ಅಂತ ಗೊತ್ತಿಲ್ಲ, ನಾಳೆ ಯಾರಾದ್ರೂ ಬಂದು ಕೇಳಿದ್ರೆ?" ಅದು 'ಕಳಬೇಡ' ಎಂದು ಶುರುವಾಗುವ ವಚನ. ತೆಗೆದದ್ದೇ ಒಳ್ಳೆಯದಾಯಿತು ಎಂದು ನನಗೂ ಅನಿಸಿತು, ಕಾರಣ ಮಾತ್ರ ಬೇರೆ. ಎರಡನೇ ಕೆಲಸ, ಉಪಾಧ್ಯಕ್ಷರ ಮಗಳ ಮದುವೆಯ ಆರತಕ್ಷತೆಯಲ್ಲಿ ಸಿನಿಮಾ ಹಾಡು ಬೇಡ ಎಂದು ಎಚ್ಚರಿಕೆ ಕೊಟ್ಟದ್ದು. ವಾಟ್ಸಾಪಿನ ಕವನ ಹಾಗೇ ಉಳಿಯಿತು. "ಅದು ಎಲ್ಲರಿಗೂ ಬಂದಿದ್ದು, ಅಂದ್ಮೇಲೆ ಎಲ್ಲರದೂ ಅಲ್ವಾ?"

ನನ್ನ ಅಕ್ಕನ ಮಗಳು ವಕೀಲೆ. ಫೋನ್ ಮಾಡಿದೆ. ಅವಳು ನಕ್ಕು ಮುಗಿಸಲಿಕ್ಕೇ ಸುಮಾರು ಹೊತ್ತು ಹಿಡಿಯಿತು.

"ಮಾಮ, ಬಸವಣ್ಣ ಹನ್ನೆರಡನೇ ಶತಮಾನದವರು. ನಮ್ಮ ಕಾಯ್ದೆ 1957ರದ್ದು. ಬರೆದವರು ತೀರಿಕೊಂಡ ಮುಂದಿನ ಜನವರಿಯಿಂದ 60 ವರ್ಷ ಎಣಿಸಬೇಕು, ಅಷ್ಟೇ."

ಎಣಿಸಿದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ. ಅವರ ಬರಹ 2007ರಿಂದ ಎಲ್ಲರದೂ ಆಗಿದೆ. ಡಿ.ವಿ.ಜಿ. ತೀರಿಕೊಂಡದ್ದು 1975ರಲ್ಲಿ. 2035 ಮುಗಿಯುವವರೆಗೆ ಕೇಳಿಯೇ ಬಳಸಬೇಕು. ದಿನಾ ಬೆಳಗ್ಗೆ ಸೂರ್ಯೋದಯದ ಚಿತ್ರದ ಮೇಲೆ ಅವರ ಪದ್ಯ ಹಾಕಿ ಶುಭೋದಯ ಹೇಳುವ ನಮ್ಮ ಕಾರ್ಯದರ್ಶಿಗಳಿಗೆ ಇದನ್ನು ಹೇಳಿದೆ. "ಅವರೇನು ಬೇಡ ಅಂತಾರಾ, ದೊಡ್ಡ ಮನುಷ್ಯರು" ಎಂದರು. ಅಂದಹಾಗೆ ಈ 60 ಮೊದಲು 50 ಆಗಿತ್ತು. ಟಾಗೋರರು ತೀರಿಕೊಂಡು 50 ವರ್ಷ ತುಂಬುವ ಹೊತ್ತಿಗೆ, ವಿಶ್ವಭಾರತಿಯ ಕೈಯಲ್ಲಿದ್ದ ಹಕ್ಕು ತಪ್ಪಿಹೋಗುತ್ತದೆ ಎಂದು ದೇಶದ ಕಾಯ್ದೆಯನ್ನೇ ಹತ್ತು ವರ್ಷ ಎಳೆದರು. ಕಾಪಿರೈಟು ಕಾಪಾಡಿಕೊಳ್ಳುವುದೆಂದರೆ ಅದು ನೋಡಿ. ನಾವು ಇನ್ನೂ ಲೆಟರ್‌ಹೆಡ್ಡಿನ ಮಟ್ಟದಲ್ಲಿದ್ದೇವೆ.

ಮದುವೆ ಹಾಡಿನ ವಿಷಯ ಇನ್ನೂ ತಮಾಷೆ. ಮದುವೆ, ಅದರ ಮೆರವಣಿಗೆ, ಜೊತೆಗಿನ ಸಂಭ್ರಮಕ್ಕೆ ಹಾಡು ಹಾಕಿದರೆ ದುಡ್ಡು ಕಟ್ಟಬೇಕಿಲ್ಲ ಎಂದು ಕಾಯ್ದೆಯ 52ನೇ ಸೆಕ್ಷನ್ನಿನಲ್ಲೇ ಇದೆ. ಆದರೂ ವಸೂಲಿ ಆಗುತ್ತಿದೆ ಎಂದು ದೂರು ಬಂದು, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನೇ ಮತ್ತೊಮ್ಮೆ ಪ್ರಕಟಣೆ ಹೊರಡಿಸಿ ಹೇಳಬೇಕಾಯಿತು. ಉಪಾಧ್ಯಕ್ಷರ ಮಗಳ ಆರತಕ್ಷತೆಯಲ್ಲಿ ಮಾತ್ರ ಬರೀ ನಾದಸ್ವರ ನುಡಿಯಿತು.

"ಹಾಗಾದ್ರೆ ನಮ್ಮ ರಾಜ್ಯೋತ್ಸವದ ನಾಟಕ?" ಎಂದೆ.

ಅದಕ್ಕೆ ಅವಳು ಕಾರಂತರ ಕತೆ ಹೇಳಿದಳು. ಶಿವರಾಮ ಕಾರಂತರು 1997ರಲ್ಲಿ ಹೋದರು. ಅವರು ರೂಪಿಸಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಶಿಕ್ಷಣ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಆಡಿಸಿತು. ಕಾರಂತರ ಉಯಿಲಿನ ಮೂಲಕ ಹಕ್ಕು ಪಡೆದವರು ನಮ್ಮನ್ನು ಕೇಳಿಲ್ಲ ಎಂದು ಉಡುಪಿಯಲ್ಲಿ ದಾವೆ ಹೂಡಿದರು. ಅದು ಹೈಕೋರ್ಟು ಹತ್ತಿ, ಸುಪ್ರೀಂ ಕೋರ್ಟು ಮುಟ್ಟಿ, 2009ರಲ್ಲಿ ತೀರ್ಪಾಯಿತು. ಹಕ್ಕು ಉಯಿಲಿನಲ್ಲಿ ಬಂದವರದ್ದೇ. ಆದರೆ ಶಿಕ್ಷಣ ಸಂಸ್ಥೆ ಕಾಯ್ದೆ ಹೇಳಿದ ಮಿತಿಯೊಳಗೆ ಆಡಿದರೆ, ಅಥವಾ ದುಡ್ಡು ಕೊಡದ ಪ್ರೇಕ್ಷಕರ ಮುಂದೆ ಆಡಿದರೆ ಅಡ್ಡಿಯಿಲ್ಲ. ರಂಗಸ್ಥಳದಲ್ಲಿ ಒಂದು ರಾತ್ರಿಯಲ್ಲಿ ಮುಗಿಯುವ ಕತೆ ಕೋರ್ಟಿನಲ್ಲಿ ವರ್ಷಗಟ್ಟಲೆ ನಡೆಯಿತು.

ಈ ವಿನಾಯಿತಿಯ ಮಾತು ಕೇಳಿ ಅಧ್ಯಕ್ಷರ ಮುಖ ಅರಳಿತು. "ನಮ್ಮ ಕಾರ್ಯಕ್ರಮ ಪೂರ್ತಿ ಉಚಿತ, ಅಲ್ವಾ?"

"ಹೌದು ಸಾರ್" ಎಂದರು ಖಜಾಂಚಿ. "ಡೋನರ್ ಪಾಸ್ 500 ರೂಪಾಯಿ, ಅಷ್ಟೇ."

"ಪಾಸ್ ಇಲ್ಲದವರು?"

"ಗೇಟ್ ಹೊರಗೆ ನಿಂತು ಕೇಳಬಹುದು. ಅದು ಉಚಿತ."

ಶಿಕ್ಷೆಯ ವಿಷಯವನ್ನೂ ಹೇಳಿಬಿಡೋಣ ಎಂದು ಹೇಳಿದೆ. ಗೊತ್ತಿದ್ದೂ ಉಲ್ಲಂಘಿಸಿದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50,000ದಿಂದ 2 ಲಕ್ಷದವರೆಗೆ ದಂಡ. ಖಜಾಂಚಿ ಪಾಸ್‌ಬುಕ್ ತೆರೆದು ನೋಡಿದರು. "ಖಾತೆಯಲ್ಲಿ 41,000 ಇದೆ. ಹಾಗಾಗಿ ನಮಗೆ ಅನ್ವಯ ಆಗಲ್ಲ."

ಆಮೇಲೆ ಬಂತು ಲಾಂಛನದ ಪ್ರಸಂಗ. ನಮ್ಮ ಸಂಘದ ಲಾಂಛನ ಗಂಡಭೇರುಂಡ. ಹನ್ನೆರಡು ವರ್ಷದ ಹಿಂದೆ ಐದನೇ ಕ್ರಾಸಿನ ಕಲಾವಿದರೊಬ್ಬರು ಬರೆದುಕೊಟ್ಟದ್ದು. ಚೆನ್ನಾಗಿದೆ. ಅದನ್ನು ಟೀಶರ್ಟಿನ ಮೇಲೆ ಹಾಕಿ ಮಾರಿದ್ದೇವೆ, ಕಾಫಿ ಮಗ್ಗಿನ ಮೇಲೆ ಹಾಕಿದ್ದೇವೆ, ಒಮ್ಮೆ ಅಮೆರಿಕದ ಕನ್ನಡಿಗರಿಗೆ ಒಂದು ಡಬ್ಬಿ ಬಿಲ್ಲೆ ಕಳಿಸಿದ್ದೇವೆ. ಅದರ ಹಕ್ಕು ನಿಮಗೆ ಬರೆದುಕೊಟ್ಟಿದ್ದಾರಾ ಎಂದು ಅಕ್ಕನ ಮಗಳು ಕೇಳಿದಳು. ಹಕ್ಕು ಕೊಡುವುದು ಕಾಗದದ ಮೇಲೆ, ಸಹಿಯೊಂದಿಗೆ ಆಗಬೇಕಂತೆ. ಎಷ್ಟು ಕಾಲಕ್ಕೆ ಎಂದು ಬರೆದಿರದಿದ್ದರೆ ಐದೇ ವರ್ಷ. ಎಲ್ಲಿಗೆ ಎಂದು ಬರೆದಿರದಿದ್ದರೆ ಭಾರತದೊಳಗೆ ಮಾತ್ರ.

ಕಡತ ಹುಡುಕಿಸಿದೆ. ಸಿಕ್ಕಿದ್ದು ಒಂದು ಬಿಲ್ಲು, ಒಂದು ಫೋಟೋ. ಬಿಲ್ಲಿನಲ್ಲಿ 'ಶಾಲು 180, ಮೂಸಂಬಿ 60, ಹಾರ 40' ಎಂದಿತ್ತು. ಫೋಟೋದಲ್ಲಿ ಅಂದಿನ ಅಧ್ಯಕ್ಷರು ಕಲಾವಿದರಿಗೆ ಶಾಲು ಹೊದಿಸುತ್ತಾ ಕ್ಯಾಮೆರಾ ನೋಡುತ್ತಿದ್ದರು. ಕಲಾವಿದರು ಮೂಸಂಬಿ ನೋಡುತ್ತಿದ್ದರು. ಇದನ್ನು ಒಪ್ಪಂದ ಎನ್ನಬಹುದೇ ಎಂದು ಕಾರ್ಯದರ್ಶಿಗಳು ಕೇಳಿದರು. ಶಾಲು ಹೊದಿಸಿದರೆ ಹಕ್ಕು ವರ್ಗವಾಗುತ್ತದೆ ಎಂಬ ಸೆಕ್ಷನ್ನು ಇರುತ್ತಿದ್ದರೆ, ಕರ್ನಾಟಕದ ಅರ್ಧ ಸಾಹಿತ್ಯ ಇವತ್ತು ಕನ್ನಡ ಸಂಘಗಳ ಹೆಸರಿನಲ್ಲೇ ಇರುತ್ತಿತ್ತು.

ಕಾರ್ಯದರ್ಶಿಗಳು ಇನ್ನೊಂದು ಉಪಾಯ ಹೇಳಿದರು. 500 ರೂಪಾಯಿ ಕಟ್ಟಿ ದೆಹಲಿಯಲ್ಲಿ ಸಂಘದ ಹೆಸರನ್ನೇ ಕಾಪಿರೈಟ್ ಮಾಡಿಸೋಣ, ಎಲ್ಲ ಸರಿಹೋಗುತ್ತೆ. ಬರೀ ಹೆಸರಿಗೆ ಕಾಪಿರೈಟ್ ಸಿಗುವುದಿಲ್ಲ ಎಂದೆ. ಬರೆದ ಕವನಕ್ಕಾದರೆ ನೋಂದಣಿಯೇ ಬೇಕಿಲ್ಲ, ಬರೆದ ಕೂಡಲೇ ಅದು ಬರೆದವರದ್ದು ಎಂದೂ ಹೇಳಿದೆ. "ಮತ್ತೆ ಆ ಸಿ ಅಕ್ಷರ ಯಾಕೆ?" ಎಂದರು. ಇಪ್ಪತ್ತೈದು ವರ್ಷ ಅದು ದೃಷ್ಟಿಬೊಟ್ಟಿನ ಹಾಗೆ ಕೆಲಸ ಮಾಡುತ್ತದೆ ಎಂದು ನಂಬಿದ್ದರು, ಪಾಪ.

ಕೊನೆಗೆ ಉಳಿದದ್ದು 7ನೇ ಪುಟದ ಅಮ್ಮನ ಕವನ. ಯಾರದಪ್ಪಾ ಇದು ಎಂದು ಗುಂಪಿನಲ್ಲಿ ಕೇಳಿದೆ. ನೂರಾ ಹದಿನಾಲ್ಕು ಜನ ಕೈ ಮುಗಿದ ಚಿತ್ರ ಕಳಿಸಿದರು. ಬರೆದೋನು ಕೋಡಂಗಿ, ಫಾರ್ವರ್ಡ್ ಮಾಡಿದೋನು ಈರಭದ್ರ. ಮರುದಿನ ಹಾಲಿನ ಬೂತಿನಲ್ಲಿ ನನ್ನ ಕೈಯಲ್ಲಿದ್ದ ಪ್ರೂಫ್ ನೋಡಿ ಅಂಗಡಿಯವನೇ ಹೇಳಿದ: "ಇದು ಮೂರನೇ ಕ್ರಾಸಿನ ಮೇಷ್ಟ್ರದು ಅಲ್ವಾ ಸಾರ್? ನಾವು ಹೈಸ್ಕೂಲಲ್ಲಿ ಇದ್ದಾಗ ಬೋರ್ಡ್ ಮೇಲೆ ಬರೆಸಿದ್ರು."

ಮೂರನೇ ಕ್ರಾಸು ನಮ್ಮ ಮನೆಯಿಂದ ನಾಲ್ಕು ನಿಮಿಷದ ದಾರಿ. ಮೇಷ್ಟ್ರು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ಒರೆಸಿಕೊಂಡು ಪುಟ ತೆಗೆದುಕೊಂಡರು. ಕನ್ನಡಕ ಏರಿಸಿದರು. ಓದುತ್ತಾ ಓದುತ್ತಾ ಜೇಬಿನಿಂದ ಕೆಂಪು ಪೆನ್ನು ಹೊರಗೆ ಬಂತು. ಮೂರನೇ ಸಾಲಿನಲ್ಲಿ 'ಸೆರಗು' ಇರಬೇಕಾದ ಕಡೆ 'ಸೊರಗು' ಆಗಿತ್ತು, ಅದನ್ನು ತಿದ್ದಿದರು. ಕಡೆಯ ಎರಡು ಸಾಲು ಬಂದಾಗ ಪೆನ್ನು ನಿಂತಿತು.

"ಇದನ್ನು ನಾನು ಬರೆದಿಲ್ವಲ್ಲಪ್ಪಾ."

ಆ ಎರಡು ಸಾಲಿನಲ್ಲಿ ಅಮ್ಮ ಇರುವವರು ಇದನ್ನು ಹತ್ತು ಜನಕ್ಕೆ ಕಳಿಸಿ ಎಂಬ ಅರ್ಥ ಪ್ರಾಸಬದ್ಧವಾಗಿ ಬರುತ್ತಿತ್ತು.

ಹೆಸರು ಹಾಕದೆ ಇರುವುದೂ, ಬರೆದದ್ದನ್ನು ಕೆಡಿಸುವುದೂ ತಪ್ಪು, ಹಕ್ಕು ಮಾರಿಕೊಂಡಿದ್ದರೂ ಬರೆದವರು ಅದನ್ನು ಕೇಳಬಹುದು ಎಂದು ಅಕ್ಕನ ಮಗಳು ಹೇಳಿಕೊಟ್ಟದ್ದನ್ನು ಒಪ್ಪಿಸಿದೆ. ಕ್ಷಮೆ ಕೇಳಿದೆ. ಅಚ್ಚು ಹಾಕಲು ಅನುಮತಿ ಕೇಳಿದೆ, ಒಂದು ಕಾಗದವನ್ನೂ ಮುಂದಿಟ್ಟೆ. ಮೇಷ್ಟ್ರು ಸಹಿ ಹಾಕಿದರು. ಸಂಭಾವನೆ ಬೇಡ, ಎರಡು ಪ್ರತಿ ಕೊಡಿ, ಒಂದು ಮೈಸೂರಿನಲ್ಲಿರುವ ಮಗಳಿಗೆ ಎಂದರು.

"ಆದರೆ ಹದಿನಾಲ್ಕು ಸಾಲಿಗೆ ಮಾತ್ರ ಕೊಡ್ತಿದ್ದೀನಿ. ಆ ಎರಡಕ್ಕೆ ಬರೆದವರನ್ನೇ ಕೇಳಿ."

ಸಭೆಯಲ್ಲಿ ವಿಷಯ ಇಟ್ಟೆ. ಆ ಎರಡು ಸಾಲು ತೆಗೆದುಬಿಡೋಣ ಎಂದೆ. ಯಾರೂ ಒಪ್ಪಲಿಲ್ಲ. ಕವನದಲ್ಲಿ ಎಲ್ಲರಿಗೂ ಇಷ್ಟವಾದದ್ದು ಆ ಎರಡೇ ಸಾಲಂತೆ. ಅರ್ಧ ಗಂಟೆ ಚರ್ಚೆಯಾಗಿ ಬಹುಮತದ ನಿರ್ಣಯವಾಯಿತು. ಈಗ 7ನೇ ಪುಟದಲ್ಲಿ ಹದಿನಾಲ್ಕು ಸಾಲಿನ ಕೆಳಗೆ ಮೇಷ್ಟ್ರ ಹೆಸರಿದೆ. ಅದರ ಕೆಳಗೊಂದು ಗೀಟು. ಗೀಟಿನ ಕೆಳಗೆ ಆ ಎರಡು ಸಾಲು, ಮತ್ತು 'ಕೃಪೆ: ಅಂತರ್ಜಾಲ'.